ದಮ್ಮಾಮಿನಿಂದ ನಾಲ್ಕು ತಾಸು

"ಮಧ್ಯಾಹ್ನದ ಜೋಹರ್ ನಮಾಜಿಗೇ ಎತ್ತಿಬಿಡೋಣು. ಮಯ್ಯತ್ ಕಾಯಿಸಬಾರದು," ಅಂದರು ಹಿರಿಯ ಹುಸೇನಸಾಬರು.

ಅಫಜಲಪುರದ ಆ ಓಣಿಯಲ್ಲಿ ಗೌಸಿಯಾಬೇಗಂ ಹಿಂದಿನ ರಾತ್ರಿಯಷ್ಟೇ ಕಣ್ಣು ಮುಚ್ಚಿದ್ದರು. ಒಬ್ಬನೇ ಮಗ ಸೊಹೇಲ ಸೌದಿಯ ದಮ್ಮಾಮಿನಲ್ಲಿ ಎ.ಸಿ. ಮೆಕ್ಯಾನಿಕ್. ಹೊರಟಿದ್ದಾನೋ ಇಲ್ಲವೋ, ಫೋನು ಹಚ್ಚಿದರೆ ಬಂದ್.

ಗೊತ್ತಿದ್ದದ್ದು ಎದುರು ಮನೆಯ ಗುಲನಾಜಳೊಬ್ಬಳಿಗೇ. ಎರಡು ವರ್ಷದಿಂದ ದಿನಾ ಅವನೊಂದಿಗೆ ಮಾತು, ಓಣಿಗೆ ಸುಳಿವೇ ಇಲ್ಲ. ಈಗ ಬಾಯಿಬಿಟ್ಟರೆ ಮರ್ಯಾದೆ ಹೋಯಿತು, ಬಿಡದಿದ್ದರೆ ಅವನಿಗೆ ತಾಯಿಯ ಮುಖ ತಪ್ಪಿತು. ಎಂಥಾ ಪೇಚು ನೋಡಿ!

ಮೊಬೈಲಿನಲ್ಲಿ ಹುಡುಕಿದಳು. ದಮ್ಮಾಮಿನಿಂದ ಹೈದರಾಬಾದಿಗೆ ಮೂರು ಸಾವಿರ ಚಿಲ್ಲರೆ ಕಿಲೋಮೀಟರು, ವಿಮಾನಕ್ಕೆ ನಾಲ್ಕು ತಾಸು. ನಸುಕಿನ ನಾಲ್ಕಕ್ಕೆ ಹತ್ತಿದವ ಎಂಟಕ್ಕೆ ಇಳಿದಿರುತ್ತಾನೆ. ಮುಂದೆ ಕಾರಿಗೆ ಏಳು ತಾಸಿನ ಮೇಲೆ. ದುಪಟ್ಟಾ ಸರಿಮಾಡಿಕೊಂಡು ಗಂಡಸರ ಮುಂದೆ ಹೋಗಿ ನಿಂತೇಬಿಟ್ಟಳು.

"ಚಾಚಾ, ಮೂರೂವರೆಗೆ ಸೊಹೇಲ ಬರ್ತಾನ್ರಿ. ಇಳಿಹೊತ್ತಿನ ಅಸರ್ ನಮಾಜಿನ ತನಕ ಕಾಯ್ರಿ."

"ನಿನಗ ಹ್ಯಾಂಗ ಗೊತ್ತಬೇ?"

"ನನಗ ಹೇಳೇ ವಿಮಾನ ಹತ್ಯಾನ್ರಿ."

ಅವಳಪ್ಪ ಅಬ್ದುಲ್ ಗನಿ ನೆಲ ನೋಡಿದ. ಆದರೂ ಹುಸೇನಸಾಬರು ಹೂಂ ಅಂದರು.

ಮೂರೂವರೆ ಆಯಿತು. ನಾಲ್ಕೂವರೆಯೂ ಆಯಿತು. ಅವನ ಸೌದಿ ಸಿಮ್ಮು ಇಲ್ಲಿ ಹತ್ತುವುದಿಲ್ಲ, ಫೋನು ಇನ್ನೂ ಬಂದ್. "ಹುಡುಗಿ ಮಾತು ಕಟ್ಕೊಂಡು ಕುಂತೇವಿ," ಅಂತ ಯಾರೋ ಗೊಣಗಿದರು. ಅಸರ್ ಮುಗಿಸಿ ಜನಾಜಾ ಹೆಗಲಿಗೆತ್ತಿದರು, ಮಣ್ಣು ಮಾಡಿ ಬಂದರು.

ಆರಕ್ಕೆ ಕಾರು ಬಂತು. ಸೊಹೇಲ ಕಬರಸ್ತಾನಕ್ಕೆ ಓಡಿದ, ಹಸಿ ಮಣ್ಣು ಮುಟ್ಟಿದ, ತಿರುಗಿ ಬಂದು ಮನೆಯ ಕಟ್ಟೆಯ ಮೇಲೆ ಕುಸಿದ. ಗುಲನಾಜ ನೀರು ತಂದಳು. ಎರಡು ವರ್ಷ ಮೊಬೈಲಿನಲ್ಲಿ ಕಂಡ ಮುಖ ಈಗ ಮೊಳ ದೂರದಲ್ಲಿತ್ತು, ಕಣ್ಣೆತ್ತಲು ಧೈರ್ಯವಿಲ್ಲ.

"ಮೂರೂವರೆ ಅಂತ ಹೇಳಿದ್ದೆ. ಎಲ್ಲಿ ತಪ್ಪಿತೋ..."

ಅವನು ಕೈ ಚಾಚಿದ. ಗಡಿಯಾರದಲ್ಲಿ ಈಗಷ್ಟೇ ಮೂರೂವರೆ ದಾಟಿತ್ತು. ದಮ್ಮಾಮಿನ ಹೊತ್ತು, ಇನ್ನೂ ತಿರುಗಿಸಿರಲಿಲ್ಲ.

"ಅಲ್ಲಿ ನಾಲ್ಕಂದ್ರ ಇಲ್ಲಿ ಆರೂವರೆ, ಗುಲ್ಲೂ."

ಆರಕ್ಕೆ ಬರುತ್ತಾನೆ ಅಂದಿದ್ದರೆ ಹೊತ್ತು ಮುಳುಗಿದ ಮೇಲಿನ ಮಗರಿಬ್ ತನಕ ಕಾಯುತ್ತಿದ್ದರಲ್ಲ!

"ಅಮ್ಮಿ ಮುಖ ನಾನೇ ತಪ್ಪಿಸಿದೆ. ಬೈಯಿ ನನಗ," ಎಂದು ಬಿಕ್ಕಿದಳು.

ಸಿಟ್ಟು ಬಂದಿತ್ತು ಅವನಿಗೆ, ಬಾರದೆ ಇರುತ್ತದೆಯೇ. ಅವಳು ತಂದ ನೀರು ಕುಡಿದು ಲೋಟ ಕೆಳಗಿಟ್ಟ.

"ನೀ ನೋಡಿದೆಲ್ಲ?"

"ಹ್ಞೂಂ. ಸ್ನಾನಕ್ಕ ನಾನೇ ನೀರು ಹಾಕೀನಿ."

"ಮುಖ ಹ್ಯಾಂಗಿತ್ತು?"

"ಹುಬ್ಬಿನ ನಡುವಿನ ಗೆರಿ ಹೋಗಿತ್ತು. ಎಡಗಲ್ಲದ ಮ್ಯಾಲ ತಲೆದಿಂಬಿನ ಗುರುತು ಹಂಗೇ ಇತ್ತು. ತುಟಿ ಜರಾ ತೆರೆದಿದ್ವು."

ಅಷ್ಟರಲ್ಲಿ ಅಬ್ದುಲ್ ಗನಿ ಮಗಳನ್ನು ಕರೆಯಲು ಬಂದ. ಸೊಹೇಲ ಎದ್ದು ನಿಂತ.

"ಚಾಚಾ, ಈಕಿನ್ನ ನನಗ ಕೊಡ್ರಿ. ನಮ್ಮ ಅಮ್ಮಿನ್ನ ಕಡೀಕ ನೋಡಿದ ಕಣ್ಣು ಈಕಿವು."

ಗನಿ ಹೆಗಲ ಮೇಲೆ ಕೈಯಿಟ್ಟು ಅವನನ್ನು ಕೂರಿಸಿದ, ತಾನೂ ಪಕ್ಕದಲ್ಲಿ ಕೂತ.

"ಇನ್ನೊಮ್ಮೆ ಹೇಳು," ಅಂದ ಸೊಹೇಲ. ಗುಲನಾಜ ಕಣ್ಣೊರೆಸಿಕೊಂಡು ಮತ್ತೆ ಹಣೆಯಿಂದ ಶುರು ಮಾಡಿದಳು.