ಎದೆಮಟ್ಟದ ಸ್ಪೀಕರ್

ಕ್ರಿಕೆಟ್ ಬ್ಯಾಟ್ ನನ್ನ ಕಿವಿಯ ಪಕ್ಕದಲ್ಲೇ ಬೀಸಿ ಹೋಯಿತು.

ಬಗ್ಗಿದೆ. ಇಲ್ಲದಿದ್ದರೆ ಈ ಕತೆ ಹೇಳಲು ನಾನು ಇರುತ್ತಿರಲಿಲ್ಲ ಸ್ವಾಮಿ.

೨೦೧೬ರ ನವೆಂಬರ್. ಅಡಿಲೇಡ್‌ನ ಬ್ಲೇರ್ ಅಥಾಲ್. ಹಾಡಹಗಲು. ಬ್ಯಾಟ್ ಹಿಡಿದವನು ಉದಯಶಂಕರ್, ಮೈಸೂರಿನ ಇಂಜಿನಿಯರ್. ಎರಡನೇ ಏಟು ಹಾಕಲಿಲ್ಲ. ಬ್ಯಾಟ್ ಎಸೆದ, ಬೇಲಿ ಹಾರಿದ, ಕಾರು ಹತ್ತಿದ.

ನಾನೂ ಕಾರು ಹತ್ತಿ ಬೆನ್ನು ಬಿದ್ದೆ.

ನನ್ನ ಹೆಸರು ಕರಿಯಪ್ಪ. ಬೆಂಗಳೂರಿನಲ್ಲಿ ಪೊಲೀಸ್ ಆಗಿದ್ದೆ. ಇಲ್ಲಿ ನಮ್ಮವರು ಪೊಲೀಸರಿಗೆ ಹೇಳಲಾಗದ್ದನ್ನು ನನಗೆ ಹೇಳುತ್ತಾರೆ. ಈ ಸಲ ಹೇಳಿದವನು ಪರ್ತ್‌ನ ಡಾಕ್ಟರ್ ರಮಾಕಾಂತ್. ಕಿವಿ, ಮೂಗು, ಗಂಟಲಿನ ತಜ್ಞ.

ಆಸಾಮಿ ಹಾಡು ಕೇಳಲೆಂದೇ ಮನೆಯಲ್ಲಿ ಒಂದು ಕೋಣೆ ಕಟ್ಟಿಸಿದ. ಅದಕ್ಕೆ ಸ್ಪೀಕರ್ ಆರಿಸಿದ್ದು ಹೇಗೆ ಗೊತ್ತೇ? ಬ್ರಿಸ್ಬೇನ್ ಕಡೆಯ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಇವನ ಷಡ್ಡಕನಿದ್ದಾನೆ. ಷಡ್ಡಕನ ಸ್ಪೀಕರ್ ಸೊಂಟದವರೆಗೆ ಬರುತ್ತದೆ. ಇವನದು ಎದೆಯವರೆಗೆ ಬರಬೇಕು... ಅಷ್ಟೇ! ಅಂಗಡಿ ಅಂಗಡಿ ಸುತ್ತಿದ. ಒಂದನ್ನೂ ನೆಟ್ಟಗೆ ಕೇಳಲಿಲ್ಲ. ಪಕ್ಕದಲ್ಲಿ ನಿಂತು ಎತ್ತರ ನೋಡಿದ. ಕೊನೆಗೆ ಉದಯಶಂಕರ್ ಆನ್‌ಲೈನಿನಲ್ಲಿ ಮಾರಲಿಟ್ಟಿದ್ದ ಹಳೇ ಜೋಡಿಯ ಎತ್ತರ ಎದೆಗೆ ಸರಿಹೋಯಿತು.

ಸಂಗೀತ ಬಲ್ಲವರು ತಲೆದೂಗುವ ಜೋಡಿ ಅದು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ?

ಸ್ವಲ್ಪ ದಿನಕ್ಕೆ ಎಡಗಡೆಯದು ಕಿರುಚತೊಡಗಿತು.

"ಡಬ್ಬಾ ಮಾಲು ತಳ್ಳಿದಾನೆ" ಅಂದ ಡಾಕ್ಟರ್. "ತಪ್ಪಾಯ್ತು ಅಂತ ಬರೆಸ್ಕೊಂಡು ಬನ್ನಿ. ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ. ಈ ದೇಶದಲ್ಲಿ ಖಾಯಂ ಇರೋಕೆ ಅವನಿಗೆ ಪಿಆರ್ ಹೇಗೆ ಸಿಗುತ್ತೆ ನೋಡೋಣ."

ಹಾಗಾಗಿ ನಾನು ಅಡಿಲೇಡ್‌ಗೆ ಬಂದಿದ್ದೆ.

ಉದಯಶಂಕರ್ ಸಿಗ್ನಲ್ ಹಾರಿಸಿದ. ನಾನೂ ಹಾರಿಸಿದೆ. ಟ್ರಕ್ಕೊಂದು ಕೂದಲೆಳೆಯಲ್ಲಿ ತಪ್ಪಿತು. ಮುಂದೆ ಪೆಟ್ರೋಲ್ ಹಾಕುವ ಸರ್ವೋ. ಒಳಗೆ ನುಗ್ಗಿದ... ಹೊರಹೋಗುವ ದಾರಿಗೆ ಟ್ಯಾಂಕರ್ ಅಡ್ಡ ನಿಂತಿತ್ತು.

ಬಾಗಿಲು ತೆಗೆದು ಕಾಲರ್ ಹಿಡಿದೆ.

"ಯಾಕೋ ಓಡ್ತೀಯಾ?"

"ಕೈಕಾಲು ಮುರಿಯೋಕೆ ಜನ ಕಳಿಸ್ತೀನಿ ಅಂತ ಡಾಕ್ಟರ್ ಮೆಸೇಜ್ ಹಾಕಿದ್ರು ಸಾರ್."

"ಕೆಟ್ಟ ಸ್ಪೀಕರ್ ಮಾರಿದ್ಯಾ?"

"ಇಲ್ಲ ಸಾರ್. ಪಿಆರ್ ಅಪ್ಲೈ ಮಾಡಿದೀನಿ. ಕಂಪ್ಲೇಂಟ್ ಆದ್ರೆ ಎಲ್ಲಾ ಮುಗೀತು... ಹೆಂಡ್ತಿ ಬಸುರಿ."

"ಮತ್ಯಾಕೆ ಕಿರುಚುತ್ತೆ?"

"ಸ್ಪೀಕರ್ ಮುಂದಿನ ಬಟ್ಟೆ ತೆಗೆದು ಯಾರಾದ್ರೂ ನೋಡಿದ್ರಾ ಸಾರ್?"

ನಾನಂತೂ ನೋಡಿರಲಿಲ್ಲ. ಕಾಲರ್ ಬಿಟ್ಟೆ.

ಪರ್ತ್‌ಗೆ ಹಾರಿದೆ. ಡಾಕ್ಟರ್ ತನ್ನ ಕೋಣೆಯ ಸೋಫಾದಲ್ಲಿ ಕೂತಿದ್ದ. ಹಾಡು ಹಾಕಿರಲಿಲ್ಲ. ಸ್ಪೀಕರ್ ನೋಡುತ್ತಿದ್ದ.

"ಬರೆಸ್ಕೊಂಡು ಬಂದ್ರಾ?"

ನೇರ ಸ್ಪೀಕರಿನ ಬಳಿ ಹೋದೆ. ಎಡಗಡೆಯದರ ಬಟ್ಟೆಯ ಚೌಕಟ್ಟು ಕಿತ್ತೆ.

ಮೇಲ್ಗಡೆ ಟ್ವೀಟರ್. ಏರುದನಿ ಹೊರಡುವುದು ಅಲ್ಲಿಂದಲೇ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ, ಹೊರಗೆ ಉಬ್ಬಿರಬೇಕಾದ ಲೋಹ. ಅದರ ನಟ್ಟನಡುವೆ ಅರಿಶಿನ, ಮೇಲೆ ಕುಂಕುಮ... ಕುಂಕುಮದ ಜಾಗದಲ್ಲಿ ಹೆಬ್ಬೆರಳಿನಗಲದ ತಗ್ಗು!

"ಆಯುಧ ಪೂಜೆ ಮಾಡಿದ್ರಾ ಡಾಕ್ಟ್ರೇ?"

ಉತ್ತರ ಬಾಗಿಲಿನಿಂದ ಬಂತು. ಅವನ ಹೆಂಡತಿ ಮೈತ್ರೇಯಿ.

"ಬಟ್ಟೆ ಕಳಚಿ, ಕಾರಿಗೆ ಇಟ್ಟ ಹಾಗೇ ಒತ್ತಿ ಇಟ್ರು. ಒಳಗೆ ಹೋಗ್ತಿದೆ, ಬೇಡ ಅಂದೆ. ಕೇಳ್ಲಿಲ್ಲ."

ಕಿವಿ ಡಾಕ್ಟರು!

"ಆಯ್ತು, ಯಾರಿಗೂ ಗೊತ್ತಾಗೋದು ಬೇಡ" ಅಂದ ಅವನು. "ಅವನ ಕೈಲೇ ತಪ್ಪು ಬರೆಸಿ. ನಿಮ್ಮ ಫೀಸ್ ಡಬಲ್."

ಒಬ್ಬನ ಹೆಬ್ಬೆರಳಿನ ಮಾನ ಉಳಿಸಲು ಇನ್ನೊಬ್ಬನ ಸಂಸಾರ ಬೀದಿಗೆ ಬರಬೇಕು. ನನಗೆ ಅಸಹ್ಯವಾಯಿತು.

ಮೊಬೈಲ್ ತೆಗೆದು ಟ್ವೀಟರಿನ ಫೋಟೋ ಹೊಡೆದೆ.

"ಉದಯಶಂಕರ್‌ಗೆ ಫೋನ್ ಮಾಡಿ. ತಪ್ಪು ನಂದೇ, ಕಂಪ್ಲೇಂಟ್ ಕೊಡಲ್ಲ ಅನ್ನಿ. ಬರೆದೂ ಕಳಿಸಿ. ಇಲ್ಲಾಂದ್ರೆ ಈ ಫೋಟೋ ನಿಮ್ಮ ಷಡ್ಡಕನಿಗೆ ಹೋಗುತ್ತೆ."

ಮುಖ ಬಿಳಿಚಿತು. ದೇವರಿಗೂ ಹೆದರದ ಆಸಾಮಿ ಷಡ್ಡಕನಿಗೆ ಹೆದರಿದ. ಫೋನ್ ಮಾಡಿದ. ಬರೆದೂ ಕಳಿಸಿದ. ಆ ಕಡೆ ಉದಯಶಂಕರ್ ಅಳುತ್ತಿದ್ದದ್ದು ನನಗೆ ಕೇಳಿಸಿತು. ಮನಸ್ಸು ಹಗುರವಾಯಿತು.

ಹೊರಟೆ. ಡಾಕ್ಟರ್ ಹಿಂದಿನಿಂದ ಕರೆದ.

"ಕರಿಯಪ್ಪ... ಈ ರೂಮಿಗೆ ಇನ್ನು ಏನು ತಗೊಳ್ಳಲಿ? ಎಷ್ಟಾದ್ರೂ ಪರವಾಗಿಲ್ಲ."

"ಹೊರಗಡೆಯಿಂದ ಹಾಕೋಕೆ ಒಂದು ಬೀಗ" ಅಂದೆ.