ಹತ್ತನೆಯ ಸಿಟ್ಟಿಂಗ್

ವಳ್ಳಿಯಮ್ಮ ಸೊಸೆಯ ಕೈಯಿಂದ ಬಸಿರು ಪರೀಕ್ಷೆಯ ಪಟ್ಟಿಯನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಎರಡು ಗೆರೆ! ಆರು ವರ್ಷವಾದರೂ ಆ ಎರಡನೆಯ ಗೆರೆ ಮೂಡಲಿಲ್ಲವೆಂದು ಸುಗನ್ಯಾಳನ್ನು ಅವರು ಕುಟುಕದ ದಿನವಿರಲಿಲ್ಲ. ನೆಂಟರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೊರಟಾಗಲೆಲ್ಲ ಅವಳನ್ನು ಮನೆ ಕಾಯಲು ಬಿಟ್ಟು ಹೋದ ಅತ್ತೆ ಇವರೇ. ಈಗಲಾದರೂ ಆ ಮುಖ ಅರಳೀತೆಂದು ಸುಗನ್ಯಾ ಉಸಿರು ಬಿಗಿಹಿಡಿದು ನಿಂತಿದ್ದಳು. ವಳ್ಳಿಯಮ್ಮ ಪಟ್ಟಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕಿದರು.

“ಯಾರ ಹತ್ರನೂ ಬಾಯಿ ಬಿಡಬೇಡ. ಇನ್ನೂ ಹನ್ನೊಂದು ಸಿಟ್ಟಿಂಗ್ ಇದೆ. ಅದು ಮುಗೀಲಿ.”

“ಅತ್ತೆ, ಬಸುರಿ ಹೆಂಗಸು ಆ ಒತ್ತಡದ ಕೋಣೆಯೊಳಗೆ ಕೂರಬಾರದೂಂತ ಮೊದಲ ದಿವಸವೇ ಹೇಳಿದ್ರಲ್ಲ. ಇವರಿಗಾದ್ರೂ ಒಂದು ಮಾತು...”

“ನಮ್ಮ ಮನೆ ವಳಕ್ಕಂ, ಪದ್ಧತಿ, ನಿನಗೆ ಗೊತ್ತಿಲ್ವಾ? ಮೂರು ತಿಂಗಳು ತುಂಬಿ, ಕುಲದೇವರ ಮುಂದೆ ನಾನು ನಿನ್ನ ತಲೆಗೆ ಹೂ ಮುಡಿಸೋ ತನಕ ಗಂಡನ ಕಿವಿಗೂ ಆ ಮಾತು ಬೀಳಬಾರದು. ಧನಪಾಲ ಹೊಟ್ಟೇಲಿದ್ದಾಗ ನಾನೂ ಬಾಯಿ ಕಟ್ಟಿಕೊಂಡೇ ಇದ್ದೆ.” ಅವರು ದನಿ ತಗ್ಗಿಸಿದರು. “ಮಗು ಇನ್ನೊಂದು ಆಗುತ್ತೆ, ಕಣ್ಣು. ನನ್ನ ಮಗ ಇನ್ನೊಬ್ಬ ಬರ್ತಾನಾ?”

ಕಣ್ಣು ಎಂದು ಅತ್ತೆ ಅವಳನ್ನು ಕರೆದದ್ದು ಆರು ವರ್ಷದಲ್ಲಿ ಅದೇ ಮೊದಲು. ಎಂಥ ಹೊತ್ತಿನಲ್ಲಿ ಬಂತು ನೋಡಿ, ಆ ಅಕ್ಕರೆ!

ನಾಲ್ಕು ತಿಂಗಳ ಹಿಂದೆ ತಿರುಪ್ಪೂರಿನ ಗೋಡೌನಿನಲ್ಲಿ ಬನಿಯನ್ ಬಟ್ಟೆಯ ರೋಲುಗಳು ಧನಪಾಲನ ಮೇಲೆ ಉರುಳಿದ್ದವು. ಮುಕ್ಕಾಲು ಗಂಟೆ ಅವನು ಆ ಕತ್ತಲೆಯಲ್ಲಿ ಅಲ್ಲಾಡಲಾಗದೆ ಬಿದ್ದಿದ್ದ. ಎಡಪಕ್ಕೆಯ ಒಳಗೆ ಗುಲ್ಮ ಒಡೆದಿತ್ತು. ಮಣ್ಣೀರಲ್ ಎಂದು ಮನೆಯವರೆಲ್ಲ ಹೇಳುವುದು ಅದನ್ನೇ. ಡಾಕ್ಟರು ಒಡೆದ ಭಾಗವನ್ನು ಕತ್ತರಿಸಿ ತೆಗೆದು, ಮೂರರಲ್ಲೊಂದು ಪಾಲು ಉಳಿಸಿದರು. ಒತ್ತಡದ ಕೋಣೆಯಲ್ಲಿ ಕೂರಿಸಿ ಶುದ್ಧ ಆಮ್ಲಜನಕ ಕೊಟ್ಟರೆ ಉಳಿದ ತುಂಡು ಬೆಳೆಯಬಹುದೆಂದು ಯಾರೋ ಹೇಳಿ, ಪೀಳಮೇಡಿನ ಒಂದು ಚಿಕಿತ್ಸಾ ಕೇಂದ್ರಕ್ಕೆ ಹೋದರು. ಅಲ್ಲಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. “ಇಲಿಗಳಲ್ಲಿ ಬೆಳೆದದ್ದನ್ನು ನೋಡಿದ್ದಾರೆ. ಮನುಷ್ಯರಲ್ಲಿ ಬೆಳೆದೇ ಬೆಳೆಯುತ್ತದೆಂದು ನಾನು ಮಾತು ಕೊಡಲಾರೆ. ಗುಲ್ಮ ಚಿಕ್ಕದಾದರೆ ಸೋಂಕು ತಡೆಯುವ ಶಕ್ತಿಯೂ ತಗ್ಗುತ್ತದೆ. ಲಸಿಕೆ ತಪ್ಪಿಸಬೇಡಿ, ಜ್ವರ ಬಂದರೆ ಅಸಡ್ಡೆ ಮಾಡಬೇಡಿ,” ಎಂದರು. ವಳ್ಳಿಯಮ್ಮನ ಕಿವಿಗೆ ಬಿದ್ದದ್ದು ಬೆಳೆಯುತ್ತದೆ ಎಂಬುದೊಂದೇ.

ಆದರೆ ಕಬ್ಬಿಣದ ಆ ಕೋಣೆಯ ಬಾಗಿಲು ಮುಚ್ಚಿದೊಡನೆ ಧನಪಾಲನಿಗೆ ಗೋಡೌನಿನ ಕತ್ತಲೆ ನೆನಪಾಗುತ್ತಿತ್ತು. ಮೊದಲ ದಿನ ಐದೇ ನಿಮಿಷಕ್ಕೆ ಬಾಗಿಲು ಬಡಿದು ಹೊರಗೆ ಬಂದ. ಹೆಂಡತಿ ಪಕ್ಕದಲ್ಲಿ ಕೈ ಹಿಡಿದು ಕೂತರೆ ಮಾತ್ರ ಎಂದ. ಒಳಗೆ ಬೆಂಕಿ ಹೊತ್ತದಿರಲೆಂದು ಎಣ್ಣೆಯಿಲ್ಲದ ತಲೆ, ಹತ್ತಿಯ ಅಂಗಿ, ಕಿವಿ ಕತ್ತು ಬೋಳು... ಸುಗನ್ಯಾ ಒಂಬತ್ತು ಸಲ ಅವನೊಡನೆ ಒಳಗೆ ಕೂತಿದ್ದಳು. ಕಿವಿ ಗವ್ವೆಂದು ನೋಯುವಾಗಲೂ ಅವನ ಕೈ ಬಿಟ್ಟಿರಲಿಲ್ಲ. ಆಗೆಲ್ಲ ತನ್ನೊಳಗೆ ಇನ್ನೊಂದು ಜೀವ ಕೂತಿತ್ತೇನೋ!

ಸಿಂಗಾನಲ್ಲೂರಿನ ಮನೆಯಿಂದ ಆ ಬೆಳಿಗ್ಗೆಯೂ ಮೂವರು ಆಟೋದಲ್ಲಿ ಹೊರಟರು. ದಾರಿಯುದ್ದಕ್ಕೂ ಧನಪಾಲ ಅವಳತ್ತ ತಿರುಗಲಿಲ್ಲ. ಪಾಪ, ಭಯ ಇರಬೇಕೆಂದು ಸುಗನ್ಯಾಳೇ ಅವನ ಬೆನ್ನು ಸವರಿದಳು.

ಕೇಂದ್ರದಲ್ಲಿ ನರ್ಸ್ ಧರಣಿ ಎಂದಿನಂತೆ ಪ್ರಶ್ನೆಗಳ ಹಾಳೆ ಹಿಡಿದು ತಮಿಳಿನಲ್ಲಿ ಕೇಳತೊಡಗಿದಳು. ಜ್ವರ ಇದೆಯಾ, ನೆಗಡಿ ಇದೆಯಾ, ಅಕ್ಕನಿಗೆ ತಿಂಗಳ ದಿನ ಏನಾದರೂ ತಪ್ಪಿದೆಯಾ?

“ಅದೆಲ್ಲ ಒಂದೂ ಇಲ್ಲಮ್ಮ, ಬರ್ಕೋ,” ಎಂದು ವಳ್ಳಿಯಮ್ಮ ಅಡ್ಡ ಬಂದರು.

ಧರಣಿಯ ಪೆನ್ನು ಕಾಗದ ಮುಟ್ಟಿತು. ಆ ಒಂದು ಗಳಿಗೆಯಲ್ಲಿ ಸುಗನ್ಯಾ ಎಷ್ಟು ಬೆಂದಳೋ, ಹೆತ್ತವರಿಗೇ ಗೊತ್ತು. ಸುಮ್ಮನಿದ್ದರೆ ಮಗುವಿಗೆ ಕೇಡು. ಬಾಯಿ ಬಿಟ್ಟರೆ ಗಂಡ ಒಳಗೆ ಹೋಗಲೊಲ್ಲ. ಆ ತುಂಡು ಬೆಳೆಯದಿದ್ದರೆ, ನಾಳೆ ಒಂದು ಜ್ವರಕ್ಕೆ ಅವನು ಕುಸಿದರೆ, ಕೊಂದವಳು ನೀನೇ ಎಂದು ಆ ಮನೆ ಜನ್ಮವಿಡೀ ಹೇಳುತ್ತದೆ.

“ತಪ್ಪಿದೆ,” ಎಂದಳು. “ಬೆಳಿಗ್ಗೆ ನೋಡಿಕೊಂಡೆ. ಎರಡು ಗೆರೆ ಬಂದಿದೆ.”

ಧರಣಿ ಪೆನ್ನು ಕೆಳಗಿಟ್ಟಳು. ವಳ್ಳಿಯಮ್ಮನ ಮುಖ ಕಪ್ಪಿಟ್ಟಿತು. ಸುಗನ್ಯಾ ಗಂಡನ ಕಡೆ ತಿರುಗಿದಳು. ಈ ಸುದ್ದಿಯನ್ನು ಅವನಿಗೆ ಹೇಗೆ ಹೇಳಬೇಕೆಂದು ಆರು ವರ್ಷ ಮನಸ್ಸಿನಲ್ಲೇ ಎಷ್ಟು ಬಗೆಯಲ್ಲಿ ಆಡಿಕೊಂಡಿದ್ದಳು! ಕೊನೆಗೆ ಆಸ್ಪತ್ರೆಯ ಕೌಂಟರಿನ ಮುಂದೆ ಹೀಗೆ ಹೇಳುವಂತಾಯಿತಲ್ಲ...

“ನಿಮಗೇ ಮೊದಲು ಹೇಳಬೇಕಿತ್ತು, ರೀ...”

“ಗೊತ್ತು,” ಎಂದ ಧನಪಾಲ, ನೆಲ ನೋಡುತ್ತ. “ಅಮ್ಮ ಬೆಳಿಗ್ಗೆಯೇ ಹೇಳಿದ್ರು. ಇನ್ನು ಹನ್ನೊಂದೇ ದಿವಸ ತಾನೇ, ಸುಗನ್ಯಾ? ಸುಮ್ನೆ ಇದ್ದಿದ್ರೆ ಆಗ್ತಿತ್ತು.”

ಸುಗನ್ಯಾಳಿಗೆ ಅಳು ಬರಲಿಲ್ಲ. ಗಂಡನ ಕಿವಿಗೂ ಬೀಳಬಾರದ ಮಾತು ಬೆಳಿಗ್ಗೆಯೇ ಬಿದ್ದಿತ್ತು. ಕುಲದೇವರ ಹೆಸರಿನಲ್ಲಿ ಬಾಯಿ ಕಟ್ಟಿದ್ದು ಅವಳೊಬ್ಬಳದೇ. ತಿಳಿದೂ ಅವನು ಆಟೋ ಹತ್ತಿದ್ದ. ಒಳಗೆ ಕೂತು ಕೈ ಚಾಚಲು ಸಿದ್ಧನಾಗಿಯೇ ಬಂದಿದ್ದ.

“ಇವರು ಒಳಗೆ ಹೋಗೋ ಹಾಗಿಲ್ಲ,” ಎಂದಳು ಧರಣಿ ಖಡಾಖಂಡಿತವಾಗಿ. “ನಮ್ಮ ಅಟೆಂಡರ್ ಪ್ರೇಮ್ ಕುಮಾರ್ ಪಕ್ಕದಲ್ಲಿ ಕೂರ್ತಾರೆ. ಬೇಡ ಅಂದ್ರೆ ಇವತ್ತಿನ ಸಿಟ್ಟಿಂಗ್ ಬೇಡ.”

ಧನಪಾಲ ತಾಯಿಯ ಮುಖ ನೋಡಿದ, ಬಾಗಿಲು ನೋಡಿದ, ಆಮೇಲೆ ಒಳಗೆ ಹೋದ. ಸುಗನ್ಯಾ ಕೋಣೆಯ ದುಂಡನೆಯ ಗಾಜಿನ ಕಿಟಕಿಯ ಹತ್ತಿರ ನಿಂತಳು. ಐದು ನಿಮಿಷವಾಯಿತು, ಹತ್ತಾಯಿತು. ಅವನು ಬಾಗಿಲು ಬಡಿಯಲಿಲ್ಲ. ಮುಖವಾಡ ತೊಟ್ಟು, ಪರಿಚಯವೇ ಇಲ್ಲದ ಪ್ರೇಮ್ ಕುಮಾರನ ಕೈ ಹಿಡಿದು, ಗೋಡೆಗೆ ತಲೆಯಾನಿಸಿ ಹಾಯಾಗಿ ನಿದ್ದೆ ಹೋದ.

ವಳ್ಳಿಯಮ್ಮ ದೂರದ ಕುರ್ಚಿಯಲ್ಲಿ ಸೊಸೆಗೆ ಬೆನ್ನು ಮಾಡಿ ಕೂತಿದ್ದರು.

ಧರಣಿ ಬಂದು ಸುಗನ್ಯಾಳ ತೋಳು ಹಿಡಿದಳು. “ಡಾಕ್ಟರಮ್ಮ ಸ್ಕ್ಯಾನ್ ಬರೆದಿದ್ದಾರೆ. ಈಗಲೇ ಹೆದರಬೇಡಿ ಅಕ್ಕ, ನೋಡೋಣ,” ಎಂದಳು. ಆಮೇಲೆ ಅವಳ ಒಣಗಿದ ತುಟಿಗಳನ್ನು ನೋಡಿ, “ಸಾಪ್ಟೀಂಗಳಾ?” ಎಂದು ಕೇಳಿದಳು.

ತಿಂಡಿ ತಿಂದಿರಾ ಎಂದು ಬೆಳಗಿನಿಂದ ಯಾರೂ ಕೇಳಿರಲಿಲ್ಲ. ಸುಗನ್ಯಾ ಇಲ್ಲವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ದುಃಖ ಒತ್ತರಿಸಿ ಬಂದು, ಹೆಸರಷ್ಟೇ ಗೊತ್ತಿದ್ದ ಆ ಹುಡುಗಿಯ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.