ಗೋಲಿನ ಮುಂದಿನ ಗೆರೆ

"ರೀ... ನಿಲ್ಲಿಸ್ರೀ ಅದನ್ನ!"

ಬೂಟಿನ ದಾರ ಕಟ್ಟುವುದನ್ನೂ ಮರೆತು ಅವಳು ಮೈದಾನದ ನಡುವಿಗೆ ಓಡಿಬಂದಳು. ಮಾಲಿ ತಳ್ಳುತ್ತಿದ್ದ ಮೆಷಿನ್ ಗಡಗಡ ಅನ್ನುತ್ತ ನಿಂತಿತು.

ಅಯ್ಯೋ! ಹುಲ್ಲಿನ ತುಂಬ ತೂತೋ ತೂತು. ಎಲ್ಲಿ ನೋಡಿದರೂ ಮೆಷಿನ್ ಕಿತ್ತು ಹಾಕಿದ ಬೆರಳುದ್ದದ ಮಣ್ಣಿನ ತುಂಡುಗಳು.

"ಮೂರು ವಾರಕ್ಕೆ ಫೈನಲ್ ಇದೆ! ಮೈದಾನಾನ ಜರಡಿ ಮಾಡಿಟ್ಟಿದೀರಲ್ಲ!"

"ಹುಲ್ಲಿಗೆ ಉಸಿರು ಕಟ್ಟಿದೆ ಮೇಡಂ. ತುಳಿದೂ ತುಳಿದೂ ಮಣ್ಣು ಕಲ್ಲಾಗಿದೆ. ಹೀಗೆ ಮಾಡಿದ್ರೆ ಗಾಳಿ, ನೀರು ಬೇರಿಗೆ ಇಳಿಯುತ್ತೆ. ಮೂರು ವಾರ ಸಾಕು."

"ಅಷ್ಟರಲ್ಲಿ ಸರಿಹೋಗದಿದ್ರೆ?"

"ಹೋಗುತ್ತೆ."

ಒಂದೇ ಮಾತು! ಅವಳಿಗೆ ಮೈಯೆಲ್ಲ ಉರಿಯಿತು. ಅಳುಕೇ ಇಲ್ಲದ ಆ ಕಣ್ಣುಗಳನ್ನು ಬೇಕಾದ್ದಕ್ಕಿಂತ ಎರಡು ಕ್ಷಣ ಹೆಚ್ಚೇ ನೋಡಿದಳು. ಅದನ್ನು ಅವಳು ಒಪ್ಪುವುದಿಲ್ಲ, ನಾವೂ ಒತ್ತಾಯಿಸುವುದು ಬೇಡ.

ಅವಳು ಹೆಣ್ಣುಮಕ್ಕಳ ಫುಟ್ಬಾಲ್ ತಂಡದ ಗೋಲ್‌ಕೀಪರ್. ಚೆಂಡನ್ನು ಬಿಡುವುದಿಲ್ಲವೆಂದು ಗೆಳತಿಯರು ಇಟ್ಟ ಹೆಸರು 'ಗೋಡೆ'. ಆದರೆ ಗೋಡೆಯ ಬಲಭುಜ ಎರಡು ಸಲ ಕೀಲು ತಪ್ಪಿತ್ತು. "ಗಟ್ಟಿ ನೆಲದ ಮೇಲೆ ಇನ್ನೊಂದು ಸಲ ಬಿದ್ದರೆ ಆಟ ಮರೆತುಬಿಡಿ" ಎಂದಿದ್ದರು ಡಾಕ್ಟರು. ಫೈನಲ್ ನೋಡಲು ದೇಶದ ತಂಡದ ಆಯ್ಕೆಗಾರರು ಬರುವವರಿದ್ದರು. ಅವಳ ವಯಸ್ಸಿಗೆ ಇಂಥ ಅವಕಾಶ ಮತ್ತೆ ಸಿಗುವುದಿಲ್ಲ.

ಇನ್ನೊಂದು ಸಿಟ್ಟೂ ಇತ್ತು. ಹಿಂದೆ ತಿರುಗದೆಯೇ ಗೋಲು ಎಲ್ಲಿದೆಯೆಂದು ತಿಳಿಯಲು ಅವಳು ದಿನವೂ ಅದರ ನಟ್ಟನಡುವಿನಿಂದ ಮುಂದಕ್ಕೆ ಹಿಮ್ಮಡಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ನಾಲ್ಕು ತಿಂಗಳ ಹಿಂದೆ ಬಂದ ಈ ಮಾಲಿ ದಿನವೂ ಅದಕ್ಕೆ ಮಣ್ಣು ತುಂಬಿ ಮುಚ್ಚುತ್ತಿದ್ದ. ದಿನವೂ ಜಗಳ!

'ಬೇಕಂತಲೇ ಮಾಡ್ತಾನೆ. ಇವತ್ತು ಬಿಡಲ್ಲ!'

ನೇರ ಕ್ಲಬ್ಬಿನ ಕಾರ್ಯದರ್ಶಿಯ ಬಳಿ ಹೋಗಿ ದೂರು ಕೊಟ್ಟಳು. ಫೈನಲ್ ಮುಗಿಯುವವರೆಗೆ ಮಾಲಿ ಮೈದಾನಕ್ಕೆ ಕಾಲಿಡಕೂಡದೆಂದು ಅಂದೇ ಹುಕುಂ ಆಯಿತು.

ಮರುದಿನ ಬೆಳಿಗ್ಗೆ ನೋಡಿದರೆ ಅವನು ಬೇಲಿಯಾಚೆ ನಿಂತು ಉದ್ದದ ಪೈಪಿನಲ್ಲಿ ನೀರು ಹಾರಿಸುತ್ತಿದ್ದ!

"ಏನ್ರೀ ಇದು?"

"ಕಾಲಿಡಬೇಡ ಅಂದಿದಾರೆ. ನೀರು ಹಾಕಬೇಡ ಅಂದಿಲ್ವಲ್ಲ."

ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡು ಮುಖ ತಿರುಗಿಸಿದಳು.

ಮಾರನೆಯ ದಿನ ಹತ್ತು ನಿಮಿಷ ಮೊದಲೇ ಬಂದಳು. ಆಮೇಲೆ ಅರ್ಧ ಗಂಟೆ... 'ಪ್ರಾಕ್ಟೀಸಿಗೆ' ಎಂದು ತನಗೆ ತಾನೇ ಹೇಳಿಕೊಂಡಳು. ಕೇಳಿದವರಾದರೂ ಯಾರು?

ಫೈನಲ್‌ಗೆ ಮೂರು ದಿನವಿರುವಾಗ ಜೋರು ಮಳೆ ಸುರಿಯಿತು. ಮೊದಲೆಲ್ಲ ಮಳೆ ಬಂದರೆ ಗೋಲಿನ ಮುಂದೆ ಸಂಜೆವರೆಗೂ ನೀರು ನಿಲ್ಲುತ್ತಿತ್ತು. ಅಂದು ಒಂದೇ ಗಂಟೆಯಲ್ಲಿ ಇಂಗಿಹೋಯಿತು! ಪ್ರಾಕ್ಟೀಸಿನಲ್ಲಿ ಚೆಂಡು ಬಲಮೂಲೆಗೆ ಚಿಮ್ಮಿತು. ಭುಜದ ನೆನಪೇ ಇಲ್ಲದೆ ಹಾರಿ ಬಿದ್ದಳು.

ನೋವಿಲ್ಲ...!

ಅಂಗೈಯಿಂದ ಒತ್ತಿ ನೋಡಿದಳು. ನೆಲ ಮೆತ್ತಗಿತ್ತು. ಹುಲ್ಲು ಸರಿಸಿದರೆ ಅಲ್ಲಿ ತೂತಿನ ಗುರುತುಗಳು ಬೇರೆ ಕಡೆಗಿಂತ ಒತ್ತೊತ್ತಾಗಿದ್ದವು.

"ಅಣ್ಣಾ, ಇಲ್ಲಿ ಮಾತ್ರ ಯಾಕೆ ಹೀಗೆ?"

ತಂಡದ ಕೋಚ್ ಅವಳ ಸ್ವಂತ ಅಣ್ಣನೇ.

"ಕಂಬದ ಹತ್ರ ಮೆಷಿನ್ ತಿರುಗಲ್ಲ ಕಣೇ. ಅವತ್ತು ನೀನು ಕೂಗಾಡೋಕೆ ಬರೋ ಮುಂಚೆ ಆ ಮಾಲಿ ಕೂತು ಸಲಾಕೆಯಲ್ಲಿ ಕೈಯಾರೆ ಚುಚ್ಚಿದಾನೆ. ಹಿಂದಿನ ದಿನವೇ ಬಂದು, ನಿಮ್ಮ ತಂಗಿಗೆ ಯಾವ ಭುಜ ನೋವು ಅಂತ ಕೇಳ್ಕೊಂಡು ಹೋಗಿದ್ದ."

"ನನಗ್ಯಾಕೆ ಹೇಳಲಿಲ್ಲ?"

"ಕೇಳೋ ಸ್ಥಿತೀಲಿದ್ಯಾ ನೀನು? ಗೋಡೆ ಹತ್ರ ಯಾರು ಮಾತಾಡ್ತಾರೆ!"

ಅವಳು ಕೆಸರು ಬೂಟಿನಲ್ಲೇ ಕಾರ್ಯದರ್ಶಿಯ ಕೋಣೆಗೆ ಓಡಿದಳು.

"ಸರ್, ತಪ್ಪು ನಂದು. ಅವರನ್ನ ಒಳಗೆ ಬಿಡಿ!"

ಕಾರ್ಯದರ್ಶಿ ಒಪ್ಪಿದರು. ಆದರೆ ಮಳೆ ಬಂದಮೇಲೆ ನೀರು ಹಾಯಿಸುವ ಕೆಲಸವಿಲ್ಲ, ಬೇಲಿಯಾಚೆ ಅವನೂ ಇಲ್ಲ. ಎರಡು ದಿನ ಅವಳು ಆ ಖಾಲಿ ಜಾಗವನ್ನೇ ನೋಡಿದಳು. 'ಸಿಟ್ಟು ಮಾಡ್ಕೊಂಡ್ರಾ? ಬರೋದೇ ಇಲ್ವಾ?'

ಫೈನಲ್ ದಿನ ಗೋಲಿನ ಬಳಿ ಬಂದವಳು ಬಗ್ಗಿ ನೋಡಿದಳು. ಸುಣ್ಣದ ಗೆರೆಗಳು ಹೊಸದಾಗಿ ಮಿನುಗುತ್ತಿದ್ದವು. ಹಳ್ಳ, ಬೂಟಿನ ಗುರುತು, ಎಲ್ಲವೂ ಮುಚ್ಚಿದ್ದವು. ನಿನ್ನೆ ಅವಳು ಹಿಮ್ಮಡಿಯಲ್ಲಿ ಎಳೆದ ಗೆರೆ ಮಾತ್ರ ಹಾಗೇ ಇತ್ತು!

ಕೊನೆಯ ನಿಮಿಷ. ಒಂದು ಗೋಲಿನ ಮುನ್ನಡೆ. ಎದುರಾಳಿಗೆ ಪೆನಾಲ್ಟಿ!

ಗೋಲಿಗೆ ತಾಗಿದ ಆ ಗೆರೆಯ ತುದಿಗೆ ಹಿಮ್ಮಡಿ ಇಟ್ಟು ನಿಂತಳು. ಚೆಂಡು ಬಂತು... ಬಲಕ್ಕೆ! ಹಾರಿದಳು. ಅಂಗೈಗೆ ಬಡಿದ ಚೆಂಡು ಕಂಬದಾಚೆ ಹೋಯಿತು. ಆಟ ಮುಗಿದ ಸೀಟಿ ಮೊಳಗಿತು. ಭುಜ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಆಯ್ಕೆಗಾರರು ಅಣ್ಣನ ಕೈ ಕುಲುಕಿ ಅವಳ ಫೋನ್ ನಂಬರ್ ಬರೆದುಕೊಳ್ಳುತ್ತಿದ್ದರು. ಅವಳು ಮಾತ್ರ ಬೇಲಿಯತ್ತ ಓಡಿದಳು. ಅವನು ಆಚೆಯೇ ನಿಂತಿದ್ದ.

"ಒಳಗೆ ಬರಬಹುದು, ಗೊತ್ತಿಲ್ವಾ?"

"ಬೆಳಿಗ್ಗೆ ಕೆಲಸಕ್ಕೆ ಬಂದಿದ್ದೆ. ಕೆಲಸವಿಲ್ಲದೆ ಒಳಗೆ ಬರೋಕೆ ದೂರು ಕೊಟ್ಟೋರೇ ಕರೀಲಿ ಅಂತ..."

ಅವಳ ಕಣ್ಣು ತುಂಬಿತು.

"ನಾಲ್ಕು ತಿಂಗಳು ಗೆರೆ ಮುಚ್ಚಿದ್ರಲ್ಲ, ಯಾಕೆ?"

"ಮೊದಲು ಹುಲ್ಲಿಗೋಸ್ಕರ. ಆಮೇಲೆ... ಮುಚ್ಚಿದ್ರೆ ನೀವು ಜಗಳಕ್ಕೆ ಬರ್ತಿದ್ರಿ. ನೀವಂದ್ರೆ ಇಷ್ಟ. ಹೇಳೋಕೆ ಬಾಯಿ ಬರ್ಲಿಲ್ಲ."

"ಇವತ್ತು ಯಾಕೆ ಬಿಟ್ರಿ?"

"ಇವತ್ತು ನೀವು ಗೆಲ್ಲಬೇಕಿತ್ತು."

ಅವಳು ಕಣ್ಣೊರೆಸಿಕೊಂಡು ಗೇಟು ತೆಗೆದಳು. ಕೈ ಚಾಚಿ ಅವನ ಒರಟು ಬೆರಳುಗಳನ್ನು ಹಿಡಿದುಕೊಂಡಳು.

"ಬನ್ನಿ ಒಳಗೆ. ಆದ್ರೆ ನಾಳೆ ಆ ಗೆರೆ ಮುಚ್ಚಿಬಿಡಿ."

"ಯಾಕೆ?"

"ನಾನು ಜಗಳಕ್ಕೆ ಬರಬೇಕಲ್ಲ!"